ಬೆವರದ ಮಂಜುಗಡ್ಡೆ

ಮನುಷ್ಯನ ರಕ್ತಕ್ಕೆ ಒಳ್ಳೆಯ ಜ್ಞಾಪಕಶಕ್ತಿಯಿದೆ ಎಂದು ನಾನು ಹದಿನಾರು ವರ್ಷಗಳಿಂದ ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. ಬಾಯಲ್ಲಿ ಹೇಳುವುದಷ್ಟೇ, ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬೋರ್ಡಿನ ಮೇಲೆ ಮುಳ್ಳುಮುಳ್ಳಾದ ಉಂಡೆ ಬರೆದು ಇದು ವೈರಸ್ ಅನ್ನುವುದು, ಪಕ್ಕದಲ್ಲಿ ಕವೆಗೋಲು ಬರೆದು ಇದು ಪ್ರತಿಕಾಯ ಅನ್ನುವುದು. ಒಂದು ವರ್ಷ ತುಸು ಹುರುಪು ಬಂದು, ಹೊಲದ ಬದುವಿನಿಂದ ನೆಗ್ಗಿಲುಮುಳ್ಳು ತಂದು ಮಕ್ಕಳ ಸಾಕ್ಸಿಗೆ ಅಂಟಿಸಿ, ಆಮೇಲೆ ಅದೇ ಮುಳ್ಳಿಗೆ ರಾಗಿಮುದ್ದೆ ಮೆತ್ತಿ, "ನೋಡಿ, ಈಗ ಅಂಟಲ್ಲ, ಪ್ರತಿಕಾಯ ಮಾಡೋದೂ ಇಷ್ಟೇ" ಎಂದು ತೋರಿಸಿದ್ದೆ. ಪಾಠವೇನೋ ಅರ್ಥವಾಯಿತು. ಬಿಸಿಯೂಟದ ಮುದ್ದೆ ಹಾಳುಮಾಡಿದ್ದಕ್ಕೆ ಅಡುಗೆಯ ಸಣ್ಣಮ್ಮ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದಳು.

ಹೀಗಿರುವಾಗ ಈ ವರ್ಷ ಇಲಾಖೆಯವರು ಸ್ಮೃತಿಫಲಕ ಕಳುಹಿಸಿದರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಅಂಗೈಯಗಲದ ಗಾಜಿನ ಬಿಲ್ಲೆ, ಅದರಲ್ಲಿ ಸಾಲಾಗಿ ಹನ್ನೆರಡು ಪುಟ್ಟ ಗುಳಿಗಳು. ಒಂದೊಂದು ಗುಳಿಯಲ್ಲೂ ಒಂದೊಂದು ವೈರಸ್ಸಿನ ಹೊರಕವಚ: ದಡಾರದ್ದು, ಪೋಲಿಯೋದ್ದು, ಹೆಪಟೈಟಿಸ್-ಬಿ ಅನ್ನುವ ಕಾಮಾಲೆಯದ್ದು, ಹೀಗೆ. ತಿರುಳು ತೆಗೆದ ಬರೀ ಸಿಪ್ಪೆಯಾದ್ದರಿಂದ ಕಾಯಿಲೆ ತರುವ ಶಕ್ತಿ ಅವಕ್ಕಿಲ್ಲ, ವೇಷ ಮಾತ್ರ ಇದೆ. ಬೆರಳು ಚುಚ್ಚಿ ಒಂದು ಹನಿ ರಕ್ತ ಬಿಟ್ಟರೆ ಅದು ಹನ್ನೆರಡೂ ಗುಳಿಗೆ ಹರಿದು ಹಂಚಿಹೋಗುತ್ತದೆ. ಆ ದೇಹ ಹಿಂದೆಂದಾದರೂ ಆ ವೈರಸ್ಸನ್ನು ಕಂಡಿದ್ದರೆ, ಇಲ್ಲವೇ ಲಸಿಕೆಯಿಂದ ಅದರ ಗುರುತು ಕಲಿತಿದ್ದರೆ, ರಕ್ತದಲ್ಲಿರುವ ಪ್ರತಿಕಾಯಗಳು ಹೋಗಿ ಸಿಪ್ಪೆಯನ್ನು ಕಚ್ಚಿಕೊಳ್ಳುತ್ತವೆ. ಕಚ್ಚಿಸಿಕೊಂಡ ಸಿಪ್ಪೆ ನವಿಲುಬಣ್ಣಕ್ಕೆ ಬೆಳಗುತ್ತದೆ. ಮೇಲಿರುವ ಯಂತ್ರ ಅದನ್ನು ಲಕ್ಷಪಟ್ಟು ಹಿಗ್ಗಿಸಿ ಗೋಡೆಯ ಮೇಲೆ ತೋರಿಸುತ್ತದೆ.

ಫಲಕದ ಮೇಲೆ ಮಕ್ಕಳ ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಪಾಠ ಮುಗಿದ ಮೇಲೆ ಬ್ಲೀಚಿನಲ್ಲಿ ತೊಳೆದುಬಿಡಬೇಕು. ಯಾರ ಮೈಯಲ್ಲಿ ಏನಿದೆ ಏನಿಲ್ಲ ಎನ್ನುವುದು ಊರ ಮಾತಾಗಬಾರದು ಎಂಬುದು ಇಲಾಖೆಯ ಕಾಳಜಿ. ಒಳ್ಳೆಯ ಕಾಳಜಿಯೇ. ಆದರೆ ಇಲಾಖೆಯವರು ನಮ್ಮ ಕ್ಲಾಸು ನೋಡಿಲ್ಲ. ನಮ್ಮದು ಕಾವೇರಿಯತ್ತ ಇಳಿಯುವ ಕಾಡಂಚಿನ ಸೀಮೆ, ಹತ್ತು ದೊಡ್ಡಿಗಳ ಮಕ್ಕಳು ಬರುವ ಹೈಸ್ಕೂಲು, ಮಕ್ಕಳು ಊರೂರಿನ ಪ್ರಕಾರ ಕೂರುತ್ತಾರೆ. ಬೆಟ್ಟದ ಮೇಲಿನ ಗವಿದೊಡ್ಡಿಯಿಂದ ಜೀಪಿನಲ್ಲಿ ತಡವಾಗಿ ಬರುವ ಏಳು ಮಕ್ಕಳಿಗೆ ಕೊನೆಯ ಎರಡು ಬೆಂಚು ಖಾಯಂ. ನಾನು ಮುಂದಿನಿಂದ ಹಿಂದಕ್ಕೆ ನಂಬರು ಕೊಟ್ಟೆ. ಇಪ್ಪತ್ತೆಂಟರಿಂದ ಮೂವತ್ನಾಲ್ಕರವರೆಗೆ ಗವಿದೊಡ್ಡಿಯಾಯಿತು.

ಮೊದಲ ಫಲಕ ನನ್ನದೇ. ಗೋಡೆಯ ಮೇಲೆ ಸಿಪ್ಪೆಗಳು ನಿಂತಲ್ಲಿ ನಿಲ್ಲದೆ ತೂರಾಡುತ್ತಿದ್ದವು.

"ಮಿಸ್, ನಿಮ್ ರಕ್ತ ಕುಡ್ಕಂಡಂಗೆ ಓಡಾಡ್ತೈತೆ" ಎಂದ ಲಿಖಿತ.

"ನಿಂದೂ ಹಂಗೇ ಓಡಾಡ್ತದೆ ಕಣೋ, ಸುಮ್ನೆ ನೋಡು."

ಕವೆಗೋಲುಗಳು ತೇಲಿಬಂದವು. ಒಂದು ತಗುಲಿ ಜಾರಿತು, ಇನ್ನೊಂದು ತಗುಲಿ ಜಾರಿತು, ಮೂರನೆಯದು ಕಚ್ಚಿ ನಿಂತಿತು. ಆಮೇಲೆ ನೋಡಬೇಕು! ಎಲ್ಲಿದ್ದವೋ ಏನೋ, ನಾಲ್ಕೂ ಕಡೆಯಿಂದ ನುಗ್ಗಿ ಸಿಪ್ಪೆಯ ಒಂದು ಮುಳ್ಳೂ ಕಾಣದಂತೆ ಮುತ್ತಿಕೊಂಡವು. ಗೋಡೆ ಬೆಳಗಿತು. ಮಕ್ಕಳು ಶಿಳ್ಳೆ ಹೊಡೆದರು, ನಾನೂ ಬೈಯಲಿಲ್ಲ. ಹದಿನಾರು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ನನ್ನದೇ ರಕ್ತದಲ್ಲಿ ನಡೆದಿತ್ತು.

ಮೂವತ್ನಾಲ್ಕು ಮಕ್ಕಳದ್ದೂ ನೋಡಿದೆವು. ದಡಾರದ ಗುಳಿ ಎಲ್ಲರದ್ದೂ ಜಗಜಗ. ಹೆಪಟೈಟಿಸ್-ಬಿ ಗುಳಿ ಮಾತ್ರ ಅರ್ಧಕ್ಕಿಂತ ಹೆಚ್ಚು ಮಕ್ಕಳದ್ದು ಮಂಕಾಗಿತ್ತು.

"ಮಿಸ್, ನಮ್ದು ಕೆಟ್ಟೋಗೈತಾ?" ಎಂದು ಕೇಳಿದವಳು ಗವಿದೊಡ್ಡಿಯ ಮಾನ್ಯ. ಕೊನೆಯ ಬೆಂಚಿನಲ್ಲಿ ಕೂತರೂ ಮೊದಲ ಪ್ರಶ್ನೆ ಅವಳದೇ.

ನನಗೆ ಉತ್ತರ ಗೊತ್ತಿತ್ತು. ಕೂಸಾಗಿದ್ದಾಗ ಹಾಕಿದ ಲಸಿಕೆಯ ಪ್ರತಿಕಾಯಗಳು ಹದಿನಾಲ್ಕು ಹದಿನೈದು ವರ್ಷದಲ್ಲಿ ಕರಗುವುದು ಸಹಜ. ಆದರೆ ಅವನ್ನು ತಯಾರಿಸಲು ಕಲಿತ ನೆನಪಿನ ಕೋಶಗಳು ಒಳಗೆಲ್ಲೋ ಮಲಗಿರುತ್ತವೆ. "ಬೀದೀಲಿ ಪೊಲೀಸರು ಕಾಣ್ಲಿಲ್ಲ ಅಂದ್ರೆ ಊರಲ್ಲಿ ಸ್ಟೇಷನ್ನೇ ಇಲ್ಲ ಅಂತಲ್ಲ" ಎಂದೆ. ಫಲಕದ ಅಂಚಿನ ಪುಟ್ಟ ಕೋಣೆಯಲ್ಲಿ ಆ ಕೋಶಗಳು ಜೀವಂತವಾಗಿರುತ್ತವೆ. ಅದಕ್ಕೆ ಎಬ್ಬಿಸುವ ದ್ರವ ಹಾಕಿ ಎರಡು ದಿನ ಬೆಚ್ಚಗಿಟ್ಟರೆ ಮಲಗಿದವು ಏಳುತ್ತವೆ, ಹೊಸ ಪ್ರತಿಕಾಯ ತಯಾರಿಸುತ್ತವೆ, ಗುಳಿ ಬೆಳಗುತ್ತದೆ. ಶುಕ್ರವಾರ ನೋಡೋಣ ಎಂದು ಫಲಕಗಳನ್ನೆಲ್ಲ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟೆ. "ದೇಹ ಮರೆಯೋದಿಲ್ಲ" ಎಂದು ದೊಡ್ಡದಾಗಿ ಬೋರ್ಡಿನ ಮೇಲೆ ಬರೆದು ಕೈ ಕೊಡವಿಕೊಂಡೆ.

ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯುವುದಕ್ಕೆ ಸರಿಯಾದ ಕಾರಣ ಬೇಕು. ಅತ್ತೆ ಶಿವನಂಜಮ್ಮ ಮೂವತ್ತೆರಡು ವರ್ಷ ಸರ್ಕಾರಿ ನರ್ಸಾಗಿದ್ದವರು. ಲಸಿಕೆಯ ತಂಪು ಕಾಯ್ದು ಕಾಯ್ದು, ನಿವೃತ್ತರಾಗಿ ಆರು ವರ್ಷವಾದರೂ ಬೆಳಿಗ್ಗೆ ಸಂಜೆ ನಮ್ಮ ಫ್ರಿಜ್ಜಿನ ಉಷ್ಣಾಂಶ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ. ಒಳಗಿರುವುದು ಅರ್ಧ ಲೀಟರ್ ಮೊಸರು, ನಾಲ್ಕು ಬದನೆಕಾಯಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಗಂಡ ಪ್ರಭಾಕರ, "ಅವ್ವ, ಬದ್ನೇಕಾಯ್ಗೆ ಎಷ್ಟ್ ಡೋಸು?" ಎಂದು ಕೇಳಿ ಬೈಸಿಕೊಳ್ಳುವುದು ವಾಡಿಕೆಯಾಗಿದೆ.

ಅವತ್ತು ಸಂಜೆ ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಗವಿದೊಡ್ಡಿಯವರು ಕಳಿಸಿದ ಅವರೆಕಾಯಿ. ವರ್ಷಕ್ಕೊಮ್ಮೆ ಅಲ್ಲಿಂದ ಒಂದು ಚೀಲ ಬರುವುದು ತಪ್ಪಿದ್ದಿಲ್ಲ.

"ನನ್ ಮಕ್ಳದ್ದು ಎಂಗ್ ಬಂತು ಭವ್ಯ?" ಎಂದು ಕೇಳಿದರು. ಹೆತ್ತ ಮಗ ಒಬ್ಬನೇ ಆದರೂ ಅವರು ನನ್ನ ಮಕ್ಕಳು ಅನ್ನುವುದು ಗವಿದೊಡ್ಡಿಯವರನ್ನು.

"ಜಗಜಗ ಅಂತಿತ್ತು ಅತ್ತೆ. ಒಂದು ಗುಳಿ ಮಾತ್ರ ಮಲಗಿದೆ, ಶುಕ್ರವಾರ ಏಳ್ತದೆ."

ಅತ್ತೆ ನಕ್ಕರು. ಆ ನಗುವಿನ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು, ಸೊಸೆಯಾಗಿ ಬಂದಾಗಿನಿಂದ ಕೇಳಿದ ಕಥೆ. ಅವರು ಮೊದಲು ಬೆಟ್ಟ ಹತ್ತಿದಾಗ ಗವಿದೊಡ್ಡಿಯವರು ಮಕ್ಕಳನ್ನು ಕುಕ್ಕೆಯಡಿ ಬಚ್ಚಿಡುತ್ತಿದ್ದರು. ಸೂಜಿ ಹಾಕಿಸಿದರೆ ಮಗುವಿನ ಕಾಲು ಸೋಲುತ್ತದೆ ಎಂಬ ಭಯ. ಏಳು ಕಿಲೋಮೀಟರು ಕಲ್ಲುದಾರಿ, ಹೆಗಲಿಗೆ ಲಸಿಕೆ ಪೆಟ್ಟಿಗೆ, ಆನೆಯ ಕಾಟ ಬೇರೆ. ಬೈದರು, ನಾಯಿ ಬಿಟ್ಟರು. ಅತ್ತೆ ತಿಂಗಳು ತಪ್ಪದೆ ಹತ್ತಿದರು. ನಾಲ್ಕನೇ ವರ್ಷಕ್ಕೆ ಒಬ್ಬ ತಾಯಿ ತಾನಾಗಿ ಮಗು ತಂದು ತೊಡೆಯ ಮೇಲೆ ಹಾಕಿದಳು. ಹನ್ನೊಂದು ವರ್ಷ ಮುಗಿಸಿ ಅತ್ತೆಗೆ ವರ್ಗವಾದಾಗ ಅಲ್ಲಿ ಸೂಜಿ ಹಾಕಿಸದ ಮಗು ಒಂದೂ ಇರಲಿಲ್ಲ. ಅತ್ತೆಯ ಬದುಕಿನ ಅತಿ ದೊಡ್ಡ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಮನೆಯವರೆಲ್ಲ ಇದನ್ನೇ ಹೇಳುತ್ತೇವೆ.

ಶುಕ್ರವಾರ ಫಲಕಗಳನ್ನು ತೆಗೆದೆ. ಮಂಕಾಗಿದ್ದ ಗುಳಿಗಳು ಒಂದಾದ ಮೇಲೊಂದು ಬೆಳಗುತ್ತಾ ಬಂದವು. ಪ್ರತಿ ಸಲವೂ ಚಪ್ಪಾಳೆ. ಇಪ್ಪತ್ತೇಳರವರೆಗೆ ಬಂದೆ. ಇಪ್ಪತ್ತೆಂಟು ಕತ್ತಲೆ. ಇಪ್ಪತ್ತೊಂಬತ್ತು ಕತ್ತಲೆ. ಮೂವತ್ತಕ್ಕೆ ಚಪ್ಪಾಳೆ ಹೊಡೆಯಲು ಎತ್ತಿದ ಕೈಗಳು ಕೆಳಗಿಳಿದವು. ಮೂವತ್ನಾಲ್ಕನೆಯದನ್ನೂ ಇಟ್ಟೆ. ಗೋಡೆಯ ಮೇಲೆ ಸಿಪ್ಪೆಗಳು ಸುಮ್ಮನೆ ತೂರಾಡುತ್ತಿದ್ದವು, ಅವನ್ನು ಹಿಡಿಯಲು ಯಾರೂ ಬರಲಿಲ್ಲ.

"ಮಿಸ್" ಎಂದಳು ಮಾನ್ಯ ಹಿಂದಿನಿಂದ. "ನಮ್ಮೂರೋರ್ದು ಮಾತ್ರ ಯಾಕೆ ಇಂಗೆ?"

"ಫಲಕ ಕೆಟ್ಟಿರಬೇಕು ಕಣೆ" ಎಂದೆ. ನಾನು ಮಕ್ಕಳಿಗೆ ಸುಳ್ಳು ಹೇಳುವವಳಲ್ಲ. ಅವತ್ತು ಹೇಳಿದೆ. ಅವಳು ನಂಬಲಿಲ್ಲ ಎನ್ನುವುದು ಅವಳ ಮುಖದಲ್ಲೇ ಕಾಣುತ್ತಿತ್ತು.

ಏಳು ಫಲಕಗಳನ್ನು ತೊಳೆಯಲಿಲ್ಲ. ಶನಿವಾರ ಅವನ್ನು ಬ್ಯಾಗಿನಲ್ಲಿಟ್ಟುಕೊಂಡು ಮೈಸೂರು ಬಸ್ಸು ಹತ್ತಿದೆ. ಫಲಕ ತಯಾರಿಸಿದ ಪ್ರಯೋಗಾಲಯ ಅಲ್ಲಿದೆ. ತಂಡದ ಮುಖ್ಯಸ್ಥೆ ಡಾಕ್ಟರ್ ಜೀನತ್, ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತರಬೇತಿಯಲ್ಲಿ ಪರಿಚಯವಾದವರು. ರಜೆಯಾದರೂ ನನಗೋಸ್ಕರ ಬಂದು ಬಾಗಿಲು ತೆಗೆದರು.

"ಗುಳಿಯಲ್ಲೇ ದೋಷ ಇರಬಹುದಲ್ವಾ?" ಎಂದು ನಾನು ಕೇಳಿದ ರೀತಿಯಲ್ಲೇ ನನ್ನ ಆಸೆ ಅವರಿಗೆ ತಿಳಿದಿರಬೇಕು.

ಅವರು ಮೊದಲು ತಮ್ಮದೇ ರಕ್ತದ ಒಂದು ಹನಿಯಿಂದ ಪ್ರತಿಕಾಯ ತೆಗೆದು ಆ ಏಳು ಗುಳಿಗೂ ಹಾಕಿದರು. ಏಳೂ ಬೆಳಗಿದವು. ಗುಳಿಯಲ್ಲಿ ದೋಷವಿರಲಿಲ್ಲ. ಆಮೇಲೆ ಮಕ್ಕಳ ಕೋಶಗಳನ್ನು ದೊಡ್ಡ ಯಂತ್ರದ ಕೆಳಗಿಟ್ಟು ಒಂದೊಂದನ್ನೇ ಹುಡುಕಿದರು. ಸಾವಿರಾರು ನೆನಪಿನ ಕೋಶಗಳು, ಒಂದೊಂದಕ್ಕೂ ಒಂದೊಂದು ಪಾಠ ಬಾಯಿಪಾಠ. ದಡಾರ ಗೊತ್ತಿರುವವು ರಾಶಿ ಸಿಕ್ಕವು. ಪೋಲಿಯೋ ಗೊತ್ತಿರುವವು ಸಿಕ್ಕವು. ಹೆಪಟೈಟಿಸ್-ಬಿ ಗೊತ್ತಿರುವುದು ಏಳು ಮಕ್ಕಳಲ್ಲಿ ಒಂದೂ ಇರಲಿಲ್ಲ.

"ಮೇಡಂ, ಇದು ಮರೆವಲ್ಲ" ಎಂದರು ಜೀನತ್. "ಈ ಮಕ್ಕಳ ದೇಹ ಆ ಪಾಠ ಕಲಿತೇ ಇಲ್ಲ. ಹಾಕಿದ ಲಸಿಕೆಯಲ್ಲಿ ಕಲಿಸೋ ಶಕ್ತಿ ಇರಲಿಲ್ಲ."

"ಮೂರು ಡೋಸೂ ಬಿದ್ದಿದೆ. ನಮ್ಮತ್ತೆ ಹಾಕಿದ್ದು."

ಅವರು ಕೈಗವಸು ಕಳಚಿ ಮೇಜಿನ ಮೇಲಿಟ್ಟರು. ನಿಯಮದ ಪ್ರಕಾರ ಇದನ್ನು ಒಂದು ವಾರದೊಳಗೆ ಆರೋಗ್ಯ ಇಲಾಖೆಗೆ ತಿಳಿಸಲೇಬೇಕು, ಆ ವಾರ ನಿಮ್ಮದು ಎಂದರು. ಬಸ್‌ಸ್ಟ್ಯಾಂಡಿನವರೆಗೂ ತಾವೇ ಬಂದು ಬಿಟ್ಟರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ: ಅತ್ತೆಗೆ ಹೇಗೆ ಹೇಳುವುದು?

ಭಾನುವಾರ ಬೆಳಿಗ್ಗೆ ಪ್ರಭಾಕರ ಡ್ಯೂಟಿಗೆ ಹೋದ ಮೇಲೆ ಹೇಳಿದೆ. ಸುತ್ತಿ ಬಳಸಿ, ಹೊಸ ಯಂತ್ರ, ಹೊಸ ವಿಧಾನ, ಪೂರ್ತಿ ನಂಬಲಿಕ್ಕಾಗಲ್ಲ ಎಂದೆಲ್ಲ ಸೇರಿಸಿ ಹೇಳಿದೆ.

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ನನ್ ಪೆಟ್ಟಿಗೇಲಿ ಹನ್ನೊಂದು ವರ್ಷ ಒಂದ್ ಡಿಗ್ರಿ ಏರಿಲ್ಲ ಕಣೆ! ನಿಮ್ ಗಾಜಿನ್ ಚೂರು ನನಗ್ ಹೇಳ್ಕೊಡಕ್ ಬತ್ತದಾ? ಬಿಸಿಲಲ್ಲಿ ನನ್ ತಲೆ ಮೇಲಿನ್ ಸೆರಗು ತೆಗೆದು ಪೆಟ್ಟಿಗೆಗೆ ಹೊದಿಸ್ಕೊಂಡು ನಡ್ದೋಳು ನಾನು."

"ನಂಗೊತ್ತು ಅತ್ತೆ."

"ಏನ್ ಗೊತ್ತು ನಿಂಗೆ?" ಎಂದರು. ಅಷ್ಟರಲ್ಲೇ ದನಿ ಬದಲಾಯಿತು. ಸೊಸೆಯೊಡನೆ ಜಗಳಕ್ಕೆ ನಿಂತ ಅತ್ತೆ ಹೋಗಿ ನರ್ಸು ಮಾತಾಡಿದಂತಿತ್ತು. "ದಡಾರದ್ದು? ಅದೂ ಕತ್ಲೆನಾ?"

"ಇಲ್ಲ. ಅದು ಏಳೂ ಮಕ್ಕಳದ್ದು ಚೆನ್ನಾಗಿ ಹೊಳೀತು."

"ಪೋಲಿಯೋ?"

"ಅದೂ ಹೊಳೀತು."

ಅತ್ತೆ ಗೋಡೆಗೆ ಒರಗಿ ಕೂತರು. ನಾನು ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಲಸಿಕೆ ಬಿಸಿಯಾಗಿದ್ದರೆ ಮೊದಲು ಸಾಯುವುದು ದಡಾರದ್ದು, ಪೋಲಿಯೋದ್ದು. ಅವೆರಡೂ ಬದುಕಿ ಹೆಪಟೈಟಿಸಿನದ್ದು ಸತ್ತಿದೆ ಅಂದರೆ ಕಾರಣ ಬಿಸಿಯಲ್ಲ, ಚಳಿ. ಆ ಲಸಿಕೆ ಹೆಪ್ಪುಗಟ್ಟಿದರೆ ಒಡೆದ ಹಾಲಿನಂತೆ, ಮತ್ತೆ ಕರಗಿಸಿದರೂ ಪ್ರಯೋಜನವಿಲ್ಲ. ಮೂವತ್ತೆರಡು ವರ್ಷದ ಕೆಲಸ ಕಲಿಸಿದ ಬುದ್ಧಿಯೇ ಅವರಿಗೆ ತೀರ್ಪು ಹೇಳಿತ್ತು.

"ಡೀಪ್ ಫ್ರೀಜರ್" ಎಂದರು. "ಆ ಮಕ್ಳು ಹುಟ್ಟಿದ್ ವರ್ಷನೇ ನಮ್ ಸೆಂಟರ್‌ಗೆ ಬಂತು. ಅದ್ಕೂ ಮುಂಚೆ ಪೇಟೆಯಿಂದ ಬಸ್ಸಲ್ಲಿ ಐಸು ತರ್ಬೇಕಿತ್ತು, ಬರೋ ಹೊತ್ಗೆ ಅರ್ಧ ನೀರಾಗಿರೋದು. ಹೊಸದರಲ್ಲಿ ಕಲ್ಲಂಗೆ ಗಟ್ಟಿ ಐಸು. ಎಷ್ಟ್ ಸಂತೋಷ ಆಗಿತ್ತು ಗೊತ್ತಾ ನಂಗೆ?"

ನೀರು ತುಂಬಿ ಹೆಪ್ಪುಗಟ್ಟಿಸಿದ ಆ ಐಸಿನ ಡಬ್ಬಿಯನ್ನು ತೆಗೆದ ತಕ್ಷಣ ಪೆಟ್ಟಿಗೆಗೆ ಇಡಬಾರದು. ಹೊರಗಿಟ್ಟು, ಅದರ ಮೈ ಬೆವರಿ, ಒಳಗೆ ನೀರು ಅಲ್ಲಾಡುವ ಸದ್ದು ಬರುವವರೆಗೆ ಕಾಯಬೇಕು. ಇಲ್ಲದಿದ್ದರೆ ಪಕ್ಕದಲ್ಲಿರುವ ಲಸಿಕೆಯೇ ಹೆಪ್ಪುಗಟ್ಟುತ್ತದೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹತ್ತಿರದ ಊರುಗಳಿಗೆ ಹೋಗುವಾಗ ಅತ್ತೆ ಕಾಯುತ್ತಲೂ ಇದ್ದರು. ಗವಿದೊಡ್ಡಿಯ ದಿನ ಮಾತ್ರ ಕಾಯಲಿಲ್ಲ. ಎಂಟು ಗಂಟೆಗೆಲ್ಲ ಅಲ್ಲಿನ ಜನ ಮಕ್ಕಳನ್ನು ಕಟ್ಟಿಕೊಂಡು ಕಲ್ಲುಕ್ವಾರಿಗೆ ಹೊರಟುಬಿಡುತ್ತಿದ್ದರು, ಅಷ್ಟರೊಳಗೆ ಬೆಟ್ಟ ಹತ್ತಬೇಕು.

"ದೂರದ್ ದಾರಿ, ಕರಗೋಗ್ಬುಟ್ರೆ ಅಂತ ಇನ್ನೂ ಎರಡು ಡಬ್ಬಿ ಜಾಸ್ತಿ ಇಡ್ತಿದ್ದೆ. ಲಸಿಕೇನ ಐಸಿಗೆ ಒತ್ತಿ ಮಡಗ್ತಿದ್ದೆ. ಬೇರೆ ಯಾವ್ ಊರಿಗೂ ಇಷ್ಟ್ ಮಾಡ್ಲಿಲ್ಲ ಕಣೆ ನಾನು. ಗವಿದೊಡ್ಡಿಗೆ ಮಾತ್ರ."

ಎರಡು ವರ್ಷ ಹಾಗೆ ನಡೆದಿತ್ತು. ಆಮೇಲೆ ಐಸಿಲ್ಲದ ಸೋಲಾರ್ ಪೆಟ್ಟಿಗೆ ಬಂದು ತಪ್ಪು ತಾನಾಗಿ ನಿಂತಿತು. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಹಾಕುವ ಮೊದಲ ಡೋಸೂ ಆ ಮಕ್ಕಳಿಗೆ ಸಿಕ್ಕಿರಲಿಲ್ಲ, ಆಗೆಲ್ಲ ಅಲ್ಲಿ ಮನೆಯಲ್ಲೇ ಹೆರಿಗೆ. ಅತ್ತೆ ಕಾಗದ ಕೇಳಿ ಪಡೆದು, ಯಾವ ದಾಖಲೆಯನ್ನೂ ನೋಡದೆ, ಆ ಎರಡು ವರ್ಷದಲ್ಲಿ ಸೂಜಿ ಹಾಕಿದ ಮಕ್ಕಳ ಹೆಸರು ಬರೆದರು. ಮೂವತ್ತೊಂದು ಹೆಸರು. ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಚಿರಂತ. ನಿನ್ ಕ್ಲಾಸಿನ ಮಾನ್ಯನ ತಮ್ಮ. ಆರು ವರ್ಷ ಇದ್ದಾಗ ಕಾಮಾಲೆ ಬಂದು ಹೋದ."

"ಅತ್ತೆ, ಆ ವಯಸ್ಸಲ್ಲಿ ಕಾಮಾಲೆ ಬರೋದು ಸಾಮಾನ್ಯವಾಗಿ ನೀರಿಂದ. ಅದು ಬೇರೆ ವೈರಸ್."

"ಇದಲ್ಲ ಅಂತ ನಿಂಗೊತ್ತಾ?"

"ಇಲ್ಲ."

"ನಂಗೂ ಗೊತ್ತಿಲ್ಲ."

ನಾನು ಆಗಲೇ ಒಂದು ಉಪಾಯ ಮಾಡಿಟ್ಟುಕೊಂಡಿದ್ದೆ. ಸರ್ಕಾರ ಹೊಸದಾಗಿ ಬೂಸ್ಟರ್ ಕೊಡುತ್ತಿದೆ ಎಂದು ಹೇಳಿ ಎಲ್ಲ ಮಕ್ಕಳಿಗೂ ಮತ್ತೆ ಲಸಿಕೆ ಹಾಕಿಸಿಬಿಡುವುದು. ಜೀನತ್ ವರದಿ ಕಳಿಸಿದರೂ ಅದು ಕಡತದಲ್ಲಿರುತ್ತದೆ, ಬೆಟ್ಟ ಹತ್ತುವುದಿಲ್ಲ. ಅತ್ತೆಯ ಹೆಸರು ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ಗವಿದೊಡ್ಡಿಯವರಿಗೆ ಸೂಜಿಯ ಮೇಲಿರುವ ನಂಬಿಕೆ ಉಳಿಯುತ್ತದೆ. ಅದು ಹೋದರೆ ಮಕ್ಕಳು ಮತ್ತೆ ಕುಕ್ಕೆಯಡಿ ಸೇರುತ್ತಾರೆ ಎಂದು ವಾದಿಸಿದೆ. ನಿಜ ಹೇಳಬೇಕೆಂದರೆ ನನ್ನ ಚಿಂತೆಯೆಲ್ಲ ಎದುರಿಗೆ ಕೂತಿದ್ದ ಈ ಮುದುಕಿಯದ್ದೇ ಆಗಿತ್ತು.

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಇಸ್ಕೂಲಲ್ಲಿರೋದು ಏಳು. ಮಿಕ್ಕೋರು ಓದು ಬುಟ್ಟು ಎಲ್ಲವ್ರೆ? ಕ್ವಾರಿಲವ್ರೆ, ಬೆಂಗಳೂರ ಗಾರ್ಮೆಂಟ್ಸಲ್ಲವ್ರೆ. ಬೂಸ್ಟರ್ ಅಂದ್ರೆ ಅವ್ರು ಒಂದಿನದ ಕೂಲಿ ಬುಟ್ಟು ಬತ್ತಾರಾ? ಹಾಕಿದ್ದು ಕೆಟ್ಟಿತ್ತು ಅಂದ್ರೇನೇ ಬರೋದು."

"ಬರದೇನೂ ಇರಬಹುದು ಅತ್ತೆ. ಇನ್ಮೇಲೆ ಯಾವತ್ತೂ ಬರದೇ ಇರಬಹುದು."

"ಇರಬೌದು. ಆದ್ರೆ ಸುಳ್ಳೇಳಿ ಸೂಜಿ ಹಾಕೋದಾಗಿದ್ರೆ ನಾನು ಮೊದಲ್ನೇ ವರ್ಷವೇ ಹಾಕ್ಬೌದಾಗಿತ್ತು. ನಾಲ್ಕ್ ವರ್ಷ ಬೈಸ್ಕೊಂಡು ಕೂತಿದ್ದೆ ಯಾಕೆ?" ಅವರು ಕಾಗದ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡರು. "ಅವ್ರನ್ನ ಇಸ್ಕೂಲ್ಗೆ ಕರ್ಸು. ಮಕ್ಳಿಗೆ ತೋರ್ಸಿದ್ದ ಅವ್ರಿಗೂ ತೋರ್ಸು. ನನ್ ಬಾಯ್ ಮಾತಲ್ಲಿ ಬ್ಯಾಡ, ಕಣ್ಣಲ್ ನೋಡ್ಲಿ."

ಗುರುವಾರ ಮಧ್ಯಾಹ್ನ ಜೀಪಿನಲ್ಲಿ ಎರಡು ಟ್ರಿಪ್ಪು ಹೊಡೆದು ಅವರನ್ನು ಕರೆತಂದೆವು. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮೊಣಕಾಲು ಮಡಿಚಿ ಇರುಕಿಕೊಂಡು ಕೂತರು. ಗವಿದೊಡ್ಡಿಯವರು ಅವತ್ತು ಮುಂದಿನ ಬೆಂಚುಗಳಲ್ಲಿದ್ದರು. ಅತ್ತೆಯನ್ನು ನೋಡಿ, "ನರ್ಸಮ್ಮ, ಸೊರಗೋಗಿದ್ದೀರಲ್ಲ" ಎಂದು ಹೆಂಗಸರು ಸುತ್ತುವರಿದರು. ಅತ್ತೆ ಯಾರ ಕೈಯನ್ನೂ ಹಿಡಿಯಲಿಲ್ಲ. ಆರೋಗ್ಯ ಕೇಂದ್ರದ ಈಗಿನ ನರ್ಸು ಸ್ಫೂರ್ತಿ ಹೊಸ ಲಸಿಕೆಯೊಂದಿಗೆ ಮೂಲೆಯಲ್ಲಿ ನಿಂತಿದ್ದಳು. ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹುಡುಗಿ, ಮುಖದಲ್ಲಿ ಗಾಬರಿ.

ನಾನು ಪಾಠ ಮಾಡಿದೆ. ಮಕ್ಕಳಿಗೆ ಮಾಡಿದ್ದಕ್ಕಿಂತ ಚೆನ್ನಾಗಿಯೇ ಮಾಡಿದೆನೇನೋ. ಬೆಳಗುವ ಗುಳಿ ತೋರಿಸಿದೆ. ಕವೆಗೋಲುಗಳು ಮುತ್ತಿಕೊಳ್ಳುವುದನ್ನು ನೋಡಿ ಒಬ್ಬ ಅಜ್ಜ ಜೇನುಹುಳದಂಗವೆ ಎಂದ. ಆಮೇಲೆ ಹೋದ ಶುಕ್ರವಾರ ಯಂತ್ರ ತೆಗೆದಿಟ್ಟಿದ್ದ ಕತ್ತಲೆಯ ಗುಳಿಯ ವಿಡಿಯೋ ಹಾಕಿ, ಯಾರೂ ಇಲ್ಲದೆ ತೂರಾಡುವ ಸಿಪ್ಪೆಗಳನ್ನು ತೋರಿಸಿ ನಿಂತುಬಿಟ್ಟೆ. ಮುಂದಿನದು ನನ್ನ ಪಾಠವಾಗಿರಲಿಲ್ಲ.

ಅತ್ತೆ ಎದ್ದು ಗೋಡೆಯ ಬೆಳಕಿನಲ್ಲಿ ನಿಂತರು. ಡೀಪ್ ಫ್ರೀಜರು, ಬೆವರದ ಐಸು, ಜಾಸ್ತಿ ಇಟ್ಟ ಎರಡು ಡಬ್ಬಿ, ಎಲ್ಲವನ್ನೂ ಹೇಳಿದರು. "ತಪ್ಪು ಯಂತ್ರದ್ದಲ್ಲ, ಸೂಜೀದಲ್ಲ, ಮದ್ದಿಂದಲ್ಲ. ನಂದು. ನಾನ್ ಕಾಯ್ಬೇಕಿತ್ತು, ಕಾಯ್ಲಿಲ್ಲ. ಆ ಎರಡ್ ವರ್ಷ ನಿಮ್ ಮಕ್ಳಿಗೆ ಕಾಮಾಲೆಗೇಂತ ನಾನ್ ಹಾಕಿದ್ದು ಮದ್ದಲ್ಲ, ನೀರು" ಎಂದು ಕಾಗದ ತೆಗೆದು ಹೆಸರುಗಳನ್ನು ಓದಿದರು. ಮೂವತ್ತೊಂದನ್ನೂ ಓದಿದರು. ಚಿರಂತ ಎಂದಾಗ ಎರಡನೇ ಬೆಂಚಿನಲ್ಲಿ ಒಬ್ಬ ಹೆಂಗಸು ತಲೆ ಎತ್ತಿದಳು. ಮಾನ್ಯ ಅವಳ ಪಕ್ಕದಲ್ಲಿ ಕೂತಿದ್ದಳು.

ಎರಡನೇ ಬೆಂಚಿನ ಹೆಂಗಸು, ಮಾದೇವಿ ಅವಳ ಹೆಸರು, ಎದ್ದು ನಿಂತಳು.

"ಅಂಗಾರೆ ನನ್ ಮಗ ಹೋಗಿದ್ದು ಇದ್ರಿಂದ್ಲೇನಾ ನರ್ಸಮ್ಮ?"

ನಾನು ಬಾಯಿ ತೆರೆದೆ. ನೀರಿನ ಕಾಮಾಲೆ, ಬೇರೆ ವೈರಸ್, ಅದೇ ಹೆಚ್ಚು ಸಂಭವ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಸುಳ್ಳೂ ಅಲ್ಲ. ಅತ್ತೆ ನನ್ನ ಕಡೆ ತಿರುಗಿ ತಲೆಯಾಡಿಸಿದರು, ಬೇಡ ಎಂಬಂತೆ.

"ಗೊತ್ತಿಲ್ಲ ಕಣವ್ವ. ನೀರಿಂದ ಬಂದಿದ್ದೇ ಇರಬೌದು ಅಂತಾಳೆ ನನ್ ಸೊಸೆ, ಓದಿದೋಳು. ಆಗ ಯಾರೂ ರಕ್ತ ನೋಡ್ಲಿಲ್ಲ, ಈಗ ನೋಡಕ್ಕಾಗಲ್ಲ. ಇದ್ರಿಂದ್ಲೂ ಇರಬೌದು. ಅಲ್ಲ ಅಂತ ನಾನ್ ಹೇಳಕ್ಕಾಗಲ್ಲ."

ಮಾದೇವಿ ಬಾಗಿಲ ಕಡೆ ನೋಡಿದಳು. ಅವಳು ನಡೆದರೆ ಹಿಂದೆಯೇ ಗವಿದೊಡ್ಡಿಯೆಲ್ಲ ಎದ್ದು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳು ಗೋಡೆಯ ಮೇಲೆ ಇನ್ನೂ ತೂರಾಡುತ್ತಿದ್ದ ಸಿಪ್ಪೆಗಳನ್ನು ನೋಡಿದಳು. ಆಮೇಲೆ ಮಾನ್ಯಳ ರಟ್ಟೆ ಹಿಡಿದು ಎಬ್ಬಿಸಿ ಮೇಜಿನ ಬಳಿಗೆ ಕರೆದುಕೊಂಡು ಬಂದಳು. ಅತ್ತೆಯ ಕೈ ಅಭ್ಯಾಸಬಲದಿಂದ ಹತ್ತಿಯ ಕಡೆಗೆ ಹೋಯಿತು.

"ಇವ್ಳಿಗೆ ಹಾಕ್ಸಿ" ಎಂದಳು ಮಾದೇವಿ. "ನೀವ್ ಬ್ಯಾಡ. ಆ ಹುಡ್ಗಿ ಹಾಕ್ಲಿ."

ಅತ್ತೆ ಕೈ ಹಿಂದೆಗೆದುಕೊಂಡರು. "ಆಗ್ಲಿ ಕಣವ್ವ" ಎಂದು ಸ್ಫೂರ್ತಿಗೆ ಜಾಗ ಬಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ನಾನು ಅರ್ಧ ಗಂಟೆ ಬಿಟ್ಟು ಹೋದಾಗ ಅವರು ಸ್ಕೂಲಿನ ಜಗುಲಿಯಲ್ಲಿ ಕೋಣೆಗೆ ಬೆನ್ನು ಮಾಡಿ ಕೂತಿದ್ದರು. ಪಕ್ಕದಲ್ಲಿ ಕೂತು ಕೈ ಹಿಡಿಯಲು ಹೋದರೆ ಬಿಡಿಸಿಕೊಂಡರು.

"ಎಷ್ಟಾಯ್ತು?"

"ಏಳೂ ಆಯ್ತು ಅತ್ತೆ. ಓದು ಬಿಟ್ಟ ಹುಡುಗರೂ ಸಾಲಲ್ಲಿ ನಿಂತವ್ರೆ. ಬೆಂಗಳೂರಲ್ಲಿರೋರಿಗೆ ಫೋನ್ ಮಾಡ್ತಾವ್ರೆ."

"ಯಾರೂ ಎದ್ದೋಗ್ಲಿಲ್ವಾ?"

"ಇಲ್ಲ ಅತ್ತೆ. ಒಬ್ರೂ ಹೋಗ್ಲಿಲ್ಲ."

ಆಗ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು.